ರೂಪಾಳ ಸೈಕಲ್ಲು, ಅದರ ಸಾಮಾನು

ರೂಪಾ ಸೈಕಲ್ ತುಳಿಯುವುದನ್ನು ಬಿಟ್ಟದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮದುವೆಯಾದ ವಾರ. ಬಿಡು ಎಂದು ಯಾರೂ ಹೇಳಿರಲಿಲ್ಲ. ಆಳಂದದ ತವರಿನಲ್ಲಿದ್ದ ಸೈಕಲ್ಲು ತಮ್ಮನ ಪಾಲಿಗೆ ಹೋಯಿತು, ಅವಳು ನಾಸಿಕ್ ರೋಡಿಗೆ ಬಂದಳು. ಗಂಡ ಅಮರ ಅಲ್ಲಿ ಬ್ಯಾಂಕಿನ ಗುಮಾಸ್ತ. ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ತರಕಾರಿ ಚೀಲ ಹೊತ್ತು ಆ ಮೆಟ್ಟಿಲು ಹತ್ತುವುದೇ ಸಾಕೆನಿಸುತ್ತಿದ್ದಾಗ ಸೈಕಲ್ಲಿನ ಮಾತು ಎಲ್ಲಿಂದ ಬರಬೇಕು. ಒಂದು ವರ್ಷ ಹೋಯಿತು, ಹತ್ತು ಹೋದವು, ಆಮೇಲೆ ಎಣಿಸುವುದೂ ನಿಂತಿತು.

ಎರಡು ವರ್ಷದ ಹಿಂದೆ ಅಮರನಿಗೆ ಆಫೀಸರಾಗಿ ಬಡ್ತಿ ಸಿಕ್ಕಿ ಸಿಲ್ಲೋಡಿನ ಶಾಖೆಗೆ ವರ್ಗವಾಯಿತು. ಮಗಳು ಮಂಜುಶ್ರೀ ಫಾರ್ಮಸಿ ಓದು ಮುಗಿಸಬೇಕೆಂದು ನಾಸಿಕ್‌ನಲ್ಲೇ ಹಾಸ್ಟೆಲ್ ಸೇರಿದಳು. ಉಳಿದ ಮೂವರು, ಅಂದರೆ ಗಂಡ, ಹೆಂಡತಿ ಮತ್ತು ಅತ್ತೆ ಕಾಶಿಬಾಯಿ, ಛತ್ರಪತಿ ಸಂಭಾಜಿನಗರದ ಪಡೇಗಾಂವ್‌ನಲ್ಲಿ ಮನೆ ಹಿಡಿದರು. ಅಮರ ಸಿಲ್ಲೋಡಿನ ಬಸ್ಸಿಗೆಂದು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ.

ಈ ಮನೆ ನೆಲಮಹಡಿ. ಮೆಟ್ಟಿಲ ಕೆಳಗೆ ಮನೆಯೊಡೆಯರ ಮಗ ಬಿಟ್ಟುಹೋದ ಗೇರಿನ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿತ್ತು. ರೂಪಾ ದಿನವೂ ಅಂಗಳ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದಳು. ಒಂದು ದಿನ ಪೊರಕೆ ಕೆಳಗಿಟ್ಟು ಗಂಟೆ ಒತ್ತಿದಳು. ಅದು ಸದ್ದು ಮಾಡಲಿಲ್ಲ. ಮರುದಿನ ಮನೆಯೊಡೆಯರನ್ನು ಕೇಳಿಯೇಬಿಟ್ಟಳು. ಒಯ್ಯಿರಿ ತಾಯಿ, ತುಳಿದರೆ ತುಕ್ಕಾದರೂ ಬಿಟ್ಟೀತು, ಎಂದರು ಅವರು ಮರಾಠಿಯಲ್ಲಿ.

ಚೌಕದ ಹತ್ತಿರ ಸೈಕಲ್ ರಿಪೇರಿ ಮಾಡುವ ಜಯಕರ ಎರಡು ದಿನ ಇಟ್ಟುಕೊಂಡು ಟಯರು, ಟ್ಯೂಬು, ಬ್ರೇಕಿನ ರಬ್ಬರು ಬದಲಿಸಿದ. ಅವಳನ್ನು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲಿಡಿಸಿ, ಕಾಲು ಪೂರ್ತಿ ಕೆಳಗೆ ಚಾಚುವಷ್ಟಕ್ಕೆ ಸೀಟು ಏರಿಸಿದ. "ಸೈಕಲ್ ನಾನು ರೆಡಿ ಮಾಡಿದೆ ವೈನಿ, ಮಂಡಿ ನೀವೇ ರೆಡಿ ಮಾಡ್ಕೋಬೇಕು," ಎಂದ.

ಮನೆಗೆ ತಂದಾಗ ಕಾಶಿಬಾಯಿ ಬಾಗಿಲಲ್ಲಿ ಕೂತಿದ್ದರು. ಎಪ್ಪತ್ನಾಲ್ಕರ ಮುದುಕಿ, ಸಕ್ಕರೆ ಕಾಯಿಲೆ, ಒಂದು ಕಣ್ಣು ಆಪರೇಶನ್ನಾದದ್ದು, ಇನ್ನೊಂದು ಮಂದ.

"ಈ ವಯಸ್ಸಿಗಿ ಸೈಕಲ್ ಮ್ಯಾಲ ಎಲ್ಲಿಗಿ ಹೋಗೂದದ?"

"ಎಲ್ಲಿಗೂ ಇಲ್ರಿ ಅತ್ತಿ. ಸುಮ್ಮ ಹೋಗಿ ಬರೂದು."

"ಎಲ್ಲಿಗೂ ಹೋಗಲಾರದೆ ಬರೂದು ಹ್ಯಾಂಗ?"

ರೂಪಾ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಒಳಗೆ ನಡೆದಳು.

ಸುದ್ದಿ ಕೇಳಿದ ಮಂಜುಶ್ರೀ ಕುಣಿದಳು. ಅವಳು ನಾಸಿಕ್‌ನಲ್ಲಿ ಭಾನುವಾರದ ಸೈಕಲ್ ಗುಂಪಿನೊಡನೆ ತ್ರ್ಯಂಬಕದ ರಸ್ತೆಯಲ್ಲಿ ತಿರುಗುವವಳು. ಮುಂದಿನ ಶನಿವಾರ ಅಮ್ಮನನ್ನು ನಾಸಿಕ್‌ಗೆ ಕರೆಸಿಕೊಂಡು ನೇರ ಸೈಕಲ್ ಸಾಮಾನಿನ ಅಂಗಡಿಗೇ ಒಯ್ದಳು. ಅಂಗಡಿಯ ಅತುಲ್ ಅವಳ ಪರಿಚಯದವನೇ. ಮೊಬೈಲಿನಲ್ಲಿ ಪಟ್ಟಿ ಸಿದ್ಧವಾಗಿತ್ತು.

"ಮಮ್ಮಿ, ಪಹಿಲಾ ಹೆಲ್ಮೆಟ್. ಅದು ಕಂಪಲ್ಸರಿ. ಬಾಕಿದು ಎಲ್ಲಾ ಆಮ್ಯಾಲ." ಮಂಜುಶ್ರೀಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಅರ್ಧ ಬರುತ್ತದೆ.

ಮೊದಲ ಹೆಲ್ಮೆಟ್ಟು ರೂಪಾಳ ತುರುಬಿನ ಮೇಲೆ ಗೋಪುರದ ಕಳಸದ ಹಾಗೆ ಕೂತಿತು. ಕನ್ನಡಿ ನೋಡಿ ಅವಳೇ ನಕ್ಕಳು. ಅತುಲ್ ನಗದೆ, ತುರುಬನ್ನು ಕತ್ತಿನ ಹಿಂಭಾಗಕ್ಕೆ ಇಳಿಸಿ ಕಟ್ಟಬೇಕು ಚಿಕ್ಕಮ್ಮ, ಹಣೆಯ ಮೇಲೆ ಎರಡು ಬೆರಳಷ್ಟೇ ಜಾಗ ಇರಬೇಕು, ಎಂದು ತೋರಿಸಿದ. ಗಲ್ಲದ ಕೆಳಗಿನ ಪ್ಲಾಸ್ಟಿಕ್ ಕ್ಲಿಪ್ಪು ಟಿಕ್ ಎಂದು ಕೂತಿತು.

"ಕೈಗವಸು ಯಾಕ? ಚಳಿ ಇಲ್ಲಲ್ಲ."

"ಬಿದ್ದಾಗ ಮೊದಲು ನೆಲಕ್ಕೆ ಹತ್ತುವುದು ಅಂಗೈ," ಎಂದ ಅತುಲ್.

"ನಾ ಹೋಗೂದು ಬೆಳಕ ಹರಿದ ಮ್ಯಾಲ. ಲೈಟ್ ಬ್ಯಾಡ."

"ನಿಂಗ ರಸ್ತಾ ಕಾಣ್ಲಿಕ್ಕ ನಾಹಿ ಮಮ್ಮಿ. ಟ್ರಕ್‌ವಾಲಾಗ ನೀ ಕಾಣ್ಲಿಕ್ಕ."

ಹಿಂದಕ್ಕೊಂದು ಕೆಂಪು ಲೈಟು, ಮುಂದಕ್ಕೊಂದು ಬಿಳಿ. ಬಿಳಿಯದನ್ನು ಬೇಕಾದರೆ ಹಣೆಗೂ ಕಟ್ಟಿಕೊಳ್ಳಬಹುದೆಂದು ಅದರ ಜೊತೆ ಕ್ಲಿಪ್ಪಿರುವ ಎಲಾಸ್ಟಿಕ್ ಪಟ್ಟಿಯೊಂದಿತ್ತು. ಒಂದು ಟ್ಯೂಬು, ಟಯರು ಬಿಚ್ಚುವ ಎರಡು ಪ್ಲಾಸ್ಟಿಕ್ ಪಟ್ಟಿ, ಅಂಗೈಯಗಲದ ಪಂಪು, ಇವನ್ನೆಲ್ಲ ತುಂಬಲು ಸೀಟಿನ ಕೆಳಗೆ ಕಟ್ಟುವ ಪುಟ್ಟ ಚೀಲ. ನೀರಿನ ಬಾಟಲಿ, ಅದರ ಗೂಡು. ಮೊಬೈಲ್ ಸಿಕ್ಕಿಸುವ ಹಿಡಿ. ಕತ್ತಲಲ್ಲೂ ಮಿನುಗುವ ಹಳದಿ ಜಾಕೆಟು. ದೂಳಿಗೆ ಮುಖಕ್ಕೆ ಸುತ್ತಿಕೊಳ್ಳಲು ಸ್ಕಾರ್ಫು ಅವಳ ಹತ್ತಿರವೇ ಇತ್ತು. ಕೊನೆಗೆ ಮಂಜುಶ್ರೀ ದಪ್ಪ ಸ್ಪಂಜು ಹೊಲಿದ ಚಡ್ಡಿಯೊಂದನ್ನು ಎತ್ತಿ ಹಿಡಿದು, ಇದು ಸಲ್ವಾರಿನ ಒಳಗೆ, ಎಂದಳು. ರೂಪಾ ಅತುಲ್ ಅತ್ತ ತಿರುಗಿದ್ದಾನೆಯೇ ಎಂದು ನೋಡಿ, ಮಾತಿಲ್ಲದೆ ಅದನ್ನು ಚೀಲದ ತಳಕ್ಕೆ ಸೇರಿಸಿದಳು. ಮದುವೆಯ ಜವಳಿಯ ನಂತರ ತನ್ನೊಬ್ಬಳಿಗಾಗಿ ಇಷ್ಟು ಸಾಮಾನು ಒಮ್ಮೆಲೇ ಕೊಂಡದ್ದು ಇದೇ ಮೊದಲು. ಎಸ್‌ಟಿ ಬಸ್ಸಿನಲ್ಲಿ ಯೇವಲಾ, ವೈಜಾಪುರ ದಾಟಿ ಊರು ಮುಟ್ಟುವ ತನಕ ಹೆಲ್ಮೆಟ್ಟನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಪಟ್ಟಿಯಲ್ಲಿ ಒಂದು ಸಾಮಾನು ಇರಲಿಲ್ಲ. ಅದು ಬೇಕಾದೀತೆಂದು ಆ ಅಂಗಡಿಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ.

ರೂಪಾಳ ಕೊರಳಲ್ಲಿ ಎಂಟನೆಯ ವಯಸ್ಸಿನಿಂದ ಇಷ್ಟಲಿಂಗವಿದೆ. ಬೆಳ್ಳಿಯ ಕರಡಿಗೆ, ಒಳಗೆ ಪಾವಡದ ಬಟ್ಟೆಯಲ್ಲಿ ಸುತ್ತಿದ ಲಿಂಗ, ಕರಡಿಗೆಯ ಎರಡು ಕಿವಿಗಳಲ್ಲಿ ಹಾಯ್ದ ಹತ್ತಿಯ ಶಿವದಾರ. ಅವರ ಮನೆಯ ಪದ್ಧತಿಯಲ್ಲಿ ಲಿಂಗ ಮೈ ಬಿಟ್ಟಿರಕೂಡದು, ಹೊಕ್ಕುಳಿಂದ ಕೆಳಗೆ ಇಳಿಯಕೂಡದು. ಬೆಳಿಗ್ಗೆ ಸ್ನಾನವಾದ ಮೇಲೆ ಅತ್ತೆ ಸೊಸೆ ಎದುರುಬದುರು ಕೂತು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುತ್ತಾರೆ. ಅಲ್ಲಿಯ ತನಕ ಒಲೆಯ ಮೇಲಿನದು ಯಾವುದೂ ಬಾಯಿಗೆ ಹೋಗುವುದಿಲ್ಲ.

ನೆಟ್ಟಗೆ ನಡೆಯುವವರಿಗೆ ಕರಡಿಗೆಯ ಭಾರ ತಿಳಿಯದು. ಸೈಕಲ್ಲಿನ ಮೇಲೆ ಬಾಗಿದ ಕೂಡಲೇ ಅದು ಕುರ್ತಾದಿಂದ ಹೊರಗೆ ಜಾರಿ ಗಂಟೆಯ ನಾಲಗೆಯ ಹಾಗೆ ತೂಗತೊಡಗಿತು, ಮೊಬೈಲಿನ ಹಿಡಿಗೆ ಬಡಿಯತೊಡಗಿತು. ಪ್ರತಿ ಸಲವೂ ರೂಪಾ ಒಂದು ಕೈ ಬಿಟ್ಟು ಅದನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಪಿನ್ನು ಹಾಕಿದಳು, ಕುರ್ತಾ ಹರಿಯಿತು. ದಾರಕ್ಕೆ ಗಂಟು ಹಾಕಿ ಗಿಡ್ಡ ಮಾಡಿದಳು, ಪೂಜೆಗೆ ಬಿಚ್ಚುವಾಗ ತಲೆಯಲ್ಲಿ ಸಿಕ್ಕಿಕೊಂಡಿತು. ಸೊಂಟದ ಚೀಲದಲ್ಲಿ ಇಡುವ ಮಾತೇ ಇಲ್ಲ. ಹೀಗೆ ಯೋಚಿಸುತ್ತ ಕೂತಾಗ ಕಣ್ಣಿಗೆ ಬಿದ್ದದ್ದು ಲೈಟಿನ ಜೊತೆ ಬಂದ ಎಲಾಸ್ಟಿಕ್ ಪಟ್ಟಿ. ಶಿವದಾರ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು, ಕರಡಿಗೆಯ ಕಿವಿಗಳಲ್ಲಿ ಆ ಪಟ್ಟಿಯನ್ನು ಪೋಣಿಸಿದಳು. ಕತ್ತಿನ ಹಿಂದೆ ಕ್ಲಿಪ್ಪು ಒತ್ತಿದರೆ ಸಾಕು, ಕರಡಿಗೆ ಎದೆಗೆ ಅಂಟಿ ಕೂತಿತು. ಉಬ್ಬು ಬಂದರೂ ಮಿಸುಕಲಿಲ್ಲ.

ಅತ್ತೆಗೆ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಮಂದ ಕಣ್ಣಿನವರು ಕೇಳಲಿಲ್ಲ.

ಎರಡು ವಾರ ಶರಣಾಪುರದ ತನಕ ಹೋಗಿ ಬಂದಳು. ಮಂಡಿ ಮೊದಲು ನೊಂದಿತು, ಆಮೇಲೆ ಸುಮ್ಮನಾಯಿತು. ಅಕ್ಟೋಬರಿನ ಒಂದು ಗುರುವಾರ, ಗಾಳಿ ಬೆನ್ನಿಗಿತ್ತು, ಶರಣಾಪುರ ಬಂದದ್ದೇ ತಿಳಿಯಲಿಲ್ಲ. ರೂಪಾ ನಿಲ್ಲಿಸಲಿಲ್ಲ. ಮಳೆಗಾಲ ಮುಗಿದು ಹುಲ್ಲು ಹಣ್ಣಾಗುತ್ತಿದ್ದ ದಿಬ್ಬಗಳ ನಡುವೆ ದೌಲತಾಬಾದಿನ ಕೋಟೆ ಬೆಟ್ಟ ಮೊದಲು ಹೆಬ್ಬೆರಳಷ್ಟು, ಆಮೇಲೆ ಮುಷ್ಟಿಯಷ್ಟು, ಕೊನೆಗೆ ಆಕಾಶದ ಅರ್ಧದಷ್ಟಾಯಿತು. ಹನ್ನೊಂದು ಕಿಲೋಮೀಟರು. ಕೋಟೆಯ ಎದುರು ಸೀತಾಫಲ ಮಾರುವ ಹೆಂಗಸೊಬ್ಬಳು ಹುಲ್ಲು ಹಾಸಿ ಬುಟ್ಟಿಗಳನ್ನು ಇಳಿಸುತ್ತಿದ್ದಳು. ರೂಪಾ ಅವಳ ಪಕ್ಕದ ಕಲ್ಲಿನ ಮೇಲೆ ಕೂತು, ಹೆಲ್ಮೆಟ್ಟು ಕಳಚಿ, ಬೆವರು ಒರೆಸಿ, ಕೋಟೆಯನ್ನು ನೋಡುತ್ತ ಅರ್ಧ ಬಾಟಲಿ ನೀರು ಕುಡಿದಳು. ಎಲ್ಲಿಗೂ ಹೋಗದೆ ಬರುವುದು ಹೇಗೆಂದು ಅತ್ತೆ ಕೇಳಿದ್ದರಲ್ಲ, ಈಗ ಹೇಳಬಹುದು, ದೌಲತಾಬಾದಿಗೆ ಹೋಗಿದ್ದೆ ಎಂದು.

ಮನೆಗೆ ಬಂದಾಗ ಏಳೂವರೆ. ಅಮರ ಆಗಲೇ ಹೊರಟುಹೋಗಿದ್ದ. ಬಚ್ಚಲಲ್ಲಿ ಜಾಕೆಟು ಕಳಚಿದಾಗ ಕೈ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಜಾಕೆಟು ಕೊಡವಿದಳು. ಕುರ್ತಾ ಕೊಡವಿದಳು. ಅಂಗಳಕ್ಕೆ ಬಂದು ಸೈಕಲ್ಲಿನ ಸುತ್ತ ಬಾಗಿ ನೋಡಿದಳು, ಸೀಟಿನ ಕೆಳಗಿನ ಚೀಲ ಬೋರಲು ಹಾಕಿದಳು. ಟ್ಯೂಬು, ಪಂಪು ಬಿದ್ದವು.

"ರೂಪಾ, ಮೈ ತೊಳ್ಕೊಂಡು ಬಾ. ಪೂಜಿಗಿ ಹೊತ್ತಾಯ್ತು," ಎಂದು ಕಾಶಿಬಾಯಿ ಒಳಗಿನಿಂದ ಕೂಗಿದರು.

ಸ್ನಾನ ಮಾಡಿ ಅತ್ತೆಯ ಎದುರು ಮಣೆಯ ಮೇಲೆ ಕೂತಳು. ಕಾಶಿಬಾಯಿ ತಮ್ಮ ಲಿಂಗವನ್ನು ಅಂಗೈಗೆ ತೆಗೆದುಕೊಂಡು ವಿಭೂತಿ ಹಚ್ಚುತ್ತಿದ್ದರು. ರೂಪಾಳ ಎಡ ಅಂಗೈ ತಾನಾಗಿಯೇ ಮುಂದೆ ಬಂತು. ಬೆರಳು ಸ್ವಲ್ಪ ಮಡಿಸಿ, ಮೇಲೆ ಬಲಗೈ ಅಡ್ಡ ಹಿಡಿದರೆ ಅತ್ತೆಯ ಕಣ್ಣಿಗೆ ತಿಳಿಯುವುದಿಲ್ಲ. ಇವತ್ತು ತಿಳಿಯುವುದಿಲ್ಲ, ನಾಳೆಯೂ ತಿಳಿಯುವುದಿಲ್ಲ. ಅವಳು ಖಾಲಿ ಅಂಗೈಯ ಮೇಲೆ ಒಂದು ಹನಿ ನೀರನ್ನೂ ಬಿಟ್ಟಳು. ನೀರು ಗೆರೆಗಳ ಗುಂಟ ಹರಿದು ಮಣಿಕಟ್ಟಿಗೆ ಇಳಿಯಿತು.

"ಅತ್ತಿ, ನನ್ನ ಲಿಂಗ ಇಲ್ರಿ. ಕಳದದ."

ಕಾಶಿಬಾಯಿ ತಲೆ ಎತ್ತಿದರು. "ದಾರ ಹರೀತೇನು?"

"ದಾರ ಇರಲಿಲ್ರಿ." ಎಲಾಸ್ಟಿಕ್ಕಿನ ಕತೆಯನ್ನು ಮೊದಲಿಂದ ಕೊನೆಯ ತನಕ ಹೇಳಿದಳು.

ಮುದುಕಿ ತಮ್ಮ ಲಿಂಗವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ, "ಚಡ್ಡಿಗಿ ಹಾಕೂದು ಲಿಂಗಕ್ಕ ಹಾಕಿದಿ," ಎಂದರು.

ತಮ್ಮ ಪೂಜೆ ಮುಗಿಸಿದರು. ರೂಪಾ ತಾಟು ತರಲು ಎದ್ದಾಗ ಕೈ ಅಡ್ಡ ಹಿಡಿದರು.

"ನನಗ ಬ್ಯಾಡ. ಒಬ್ಬರ ಕೊರಳ ಖಾಲಿ ಇಟ್ಟು ಇನ್ನೊಬ್ಬರು ಉಣ್ಣೂ ಮನಿ ಅಲ್ಲ ಇದು."

"ನಿಮ್ಮ ಗುಳಿಗಿ ಅದ ಅತ್ತಿ."

"ಗುಳಿಗಿ ಉಂಡ ಮ್ಯಾಲ. ಉಣ್ಣೂದು ನೀ ಬಂದ ಮ್ಯಾಲ."

"ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ಸ್ವಾಮಿಗಳ ಹತ್ರ ಹೋಗಿ ಹೊಸಾದು ಕಟ್ಟಿಸ್ಕೋಬೇಕು. ಆಳಂದ ಮುಟ್ಟೂದರಾಗ ನಾಳಿ ಸಂಜಿ."

ನಾಳೆ ಸಂಜೆಯ ತನಕ ಅತ್ತೆ ಉಪವಾಸ ಇರಲಾರರು. ಕಳೆದ ವರ್ಷ ಒಂದು ಊಟ ತಪ್ಪಿದ್ದಕ್ಕೇ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಅಷ್ಟೇ ಖಾತ್ರಿಯಾಗಿ ರೂಪಾಳಿಗೆ ಇದೂ ಗೊತ್ತಿತ್ತು, ಅವರು ಮಾತು ಮುರಿಯುವವರಲ್ಲ. ಬಸ್ಸಿನಲ್ಲಿದ್ದ ಅಮರನಿಗೆ ಫೋನ್ ಮಾಡಿದಳು. ಅವನು, ಆಟೋ ಮಾಡಿಕೊಂಡು ಹೋಗು, ಅವ್ವಗ ಫೋನ್ ಕೊಡು, ಎಂದ. ಕಾಶಿಬಾಯಿ ಫೋನು ಮುಟ್ಟಲಿಲ್ಲ.

"ಬಸ್ಸಿನಾಗ ಕುಂತಾಂವ ಏನ್ ಹೇಳ್ತಾನ. ಆಟೋದಾಗ ಹೋದ್ರ ಆಟೋದಾಂವನ ಬೆನ್ನ ನೋಡ್ತಿ. ಹ್ಯಾಂಗ ಹೋಗಿದ್ದಿ ಹಂಗೇ ಹೋಗು."

ರೂಪಾ ಹೆಲ್ಮೆಟ್ಟು ಹಾಕಿಕೊಂಡಳು. ಬಾಟಲಿ ತುಂಬಿಸಿಕೊಂಡಳು, ಕುಡಿಯಲಲ್ಲ, ಅಭ್ಯಾಸಕ್ಕೆ; ಲಿಂಗ ಮೈ ಮೇಲಿಲ್ಲದಾಗ ನೀರನ್ನೂ ಕುಡಿಯಕೂಡದು. ಗೇಟು ದಾಟುವಾಗ ತನ್ನಷ್ಟಕ್ಕೆ ತಾನು ಅಂದುಕೊಂಡಳು: ಸಿಗದಿದ್ದರೆ ಸೈಕಲ್ಲು ಮತ್ತೆ ಮೆಟ್ಟಿಲ ಕೆಳಗೆ.

ಎಂಟೂವರೆಯ ರಸ್ತೆ ಬೇರೆಯದೇ ಆಗಿತ್ತು. ಟ್ರಕ್ಕುಗಳು, ಕಾರ್ಖಾನೆಯ ಬಸ್ಸುಗಳು, ಬಿಸಿಲು ಬಿದ್ದು ಮಿನುಗುವ ಡಾಂಬರು. ಮಿನುಗಿದ್ದೆಲ್ಲ ಬೆಳ್ಳಿಯಂತೆ ಕಂಡು ಅವಳು ಇಳಿದಳು. ಒಮ್ಮೆ ಗುಟ್ಕಾದ ಚೀಟಿ, ಒಮ್ಮೆ ಬಾಟಲಿಯ ಮುಚ್ಚಳ, ಒಮ್ಮೆ ಯಾವುದೋ ಗಾಡಿಯ ಕನ್ನಡಿಯ ಚೂರು. ಉಬ್ಬು ಬಂದಲ್ಲೆಲ್ಲ ಸೈಕಲ್ ತಳ್ಳಿಕೊಂಡು ಎರಡೂ ಬದಿ ನೋಡಿದಳು. ಮಿಟಮಿಟಾ ಎಂಬ ಹಳ್ಳಿ ದಾಟಿತು. ಗಂಟಲು ಒಣಗಿ ನಾಲಗೆ ಅಂಗುಳಕ್ಕೆ ಅಂಟಿತು. ಬಾಟಲಿ ಮಂಡಿಯ ಪಕ್ಕದ ಗೂಡಿನಲ್ಲೇ ಇತ್ತು.

ಶರಣಾಪುರದ ಹತ್ತಿರ ಬೆವರು ಕಣ್ಣಿಗಿಳಿದು ಹೆಲ್ಮೆಟ್ಟು ತೆಗೆಯಲು ನಿಂತಳು. ಗಲ್ಲದ ಕೆಳಗೆ ಬೆರಳಿಟ್ಟು ಕ್ಲಿಪ್ಪು ಒತ್ತಿದಳು. ಟಿಕ್. ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಕೋಟೆಯ ಎದುರು ಎರಡು ಸಲ ಒತ್ತಿದ ನೆನಪು. ಎಲಾಸ್ಟಿಕ್ಕು ಬೆವರಿಗೆ ಜಾರಿ, ಅದರ ಕ್ಲಿಪ್ಪು ಕತ್ತಿನ ಹಿಂದಿನಿಂದ ಸರಿದು ಗಲ್ಲದ ಕ್ಲಿಪ್ಪಿನ ಪಕ್ಕಕ್ಕೆ ಬಂದಿರಬೇಕು. ಎರಡೂ ಒಂದೇ ಥರದ ಕ್ಲಿಪ್ಪು. ಮೊದಲು ತಪ್ಪಿದ್ದನ್ನು ಒತ್ತಿ, ಹೆಲ್ಮೆಟ್ಟು ಬಿಡಲಿಲ್ಲವೆಂದು ಇನ್ನೊಮ್ಮೆ ಒತ್ತಿದ್ದಳು. ಕರಡಿಗೆ ಜಾಕೆಟಿನೊಳಗೆ ಜಾರಿ, ಅವಳು ಕಲ್ಲಿನಿಂದ ಎದ್ದಾಗ ಕೆಳಗೆ ಬಿದ್ದಿರಬೇಕು. ಕೆಳಗೆ ಹುಲ್ಲಿತ್ತು, ಸದ್ದಾಗಿರಲಿಕ್ಕಿಲ್ಲ.

ಆಮೇಲೆ ರಸ್ತೆ ನೋಡುವುದನ್ನು ಬಿಟ್ಟು ಒಂದೇ ಉಸಿರಿಗೆ ತುಳಿದಳು.

ಸೀತಾಫಲದ ಹೆಂಗಸು ಅಲ್ಲೇ ಇದ್ದಳು. ಕೋಟೆ ನೋಡಲು ಬಂದವರು ಸುತ್ತ ನಿಂತು ಹಣ್ಣು ಒತ್ತಿ ನೋಡುತ್ತಿದ್ದರು. ಕಲ್ಲಿನ ಪಕ್ಕದಲ್ಲಿ ಒಂದು ಬುಟ್ಟಿ ಬೋರಲಾಗಿತ್ತು, ಅದರ ಮೇಲೆ ಮೂರು ಕಲ್ಲು. ಹೆಂಗಸು ಹಳದಿ ಜಾಕೆಟು ನೋಡಿದ್ದೇ ತಕ್ಕಡಿ ಕೆಳಗಿಟ್ಟಳು.

"ಬಂದ್ಯಾ ತಾಯಿ," ಎಂದಳು ಮರಾಠಿಯಲ್ಲಿ. "ಇನ್ನು ನಾನು ಚಹಾ ಕುಡಿದು ಬರ್ತೀನಿ. ಬೆಳಿಗ್ಗೆಯಿಂದ ಈ ಬುಟ್ಟಿ ಬಿಟ್ಟು ಎದ್ದಿಲ್ಲ."

"ಅದರ ಕೆಳಗ..."

"ನಾನು ಮುಟ್ಟಿಲ್ಲ. ಲಿಂಗಾಯತ ವಾಣಿ ಜನರ ದೇವರಲ್ವಾ? ನಮ್ಮೂರ ಕಿರಾಣಿಯವರ ಕೊರಳಲ್ಲಿ ನೋಡಿದ್ದೆ. ಯಾರದ್ದಾದರೂ ಕಾಲು ತಾಗೀತು ಅಂತ ಮುಚ್ಚಿದೆ. ಗಿರಾಕಿಗಳಿಗೆ ಅನುಮಾನ, ರುಕ್ಮಿಣಿಬಾಯಿ ಒಳ್ಳೇ ಹಣ್ಣು ಬಚ್ಚಿಟ್ಟಿದ್ದಾಳೆ ಅಂತ. ಒಬ್ಬ ದುಪ್ಪಟ್ಟು ಕೊಡ್ತೀನಿ ಅಂದ."

ರೂಪಾ ಕಲ್ಲು ಒಂದೊಂದಾಗಿ ತೆಗೆದು ಬುಟ್ಟಿ ಎತ್ತಿದಳು. ಕರಡಿಗೆ ಹುಲ್ಲಿನ ಮೇಲೆ ಒರಗಿತ್ತು, ಎಲಾಸ್ಟಿಕ್ಕು ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿತ್ತು. ಒಂದು ಇರುವೆ ಬೆಳ್ಳಿಯ ಮೇಲೆ ಹತ್ತಿ ಇಳಿಯುತ್ತಿತ್ತು. ಅದು ಇಳಿಯುವ ತನಕ ಕಾದಳು. ಬಾಟಲಿಯ ನೀರಿನಿಂದ ಮೊದಲು ಕೈ, ಆಮೇಲೆ ಕರಡಿಗೆ ತೊಳೆದು, ತೆರೆದು, ಪಾವಡ ಸರಿಸಿ ನೋಡಿದಳು. ಲಿಂಗಕ್ಕೆ ಏನೂ ಆಗಿರಲಿಲ್ಲ. ಎಲಾಸ್ಟಿಕ್ಕನ್ನು ಬಿಚ್ಚಿ ಚೀಲಕ್ಕೆ ಹಾಕಿ, ಸ್ಕಾರ್ಫಿನ ನಡುವೆ ಕರಡಿಗೆ ಇಟ್ಟು ಎದೆಗೆ ಅಡ್ಡ ಕಟ್ಟಿಕೊಂಡಳು. ರುಕ್ಮಿಣಿಬಾಯಿಯ ಎರಡೂ ಕೈ ಹಿಡಿದುಕೊಂಡಳು. ಅವು ಹಣ್ಣಿನ ಅಂಟಿಗೆ ಜಿಗುಟಾಗಿದ್ದವು.

"ಬಿಡು ತಾಯಿ, ಗಿರಾಕಿ ಹೋಗ್ತಾರೆ," ಎಂದಳು ಅವಳು.

ಪಡೇಗಾಂವ್ ತಲುಪಿದಾಗ ಹನ್ನೊಂದು ಮುಕ್ಕಾಲು. ಕಾಶಿಬಾಯಿ ಗೋಡೆಗೆ ಒರಗಿ ಕೂತಿದ್ದರು. ತುಟಿ ಬಿಳಿಚಿತ್ತು. ರೂಪಾ ಸ್ಕಾರ್ಫು ಬಿಚ್ಚಿ ಕರಡಿಗೆಯನ್ನು ಅವರ ಕೈಗೆ ಮುಟ್ಟಿಸಿದಳು. ಮುದುಕಿ ಬೆರಳಿನಿಂದ ಅದರ ಎರಡು ಕಿವಿ ಸವರಿ ನೋಡಿದರು.

"ಹೋಗು, ಮೈ ತೊಳ್ಕೊ. ಬೆವರ ವಾಸನಿ ಬರ್ಲಾಕತ್ತದ."

ಪೂಜೆ ಬೇಗ ಮುಗಿಯಿತು. ಜೋಳದ ರೊಟ್ಟಿ ತಣ್ಣಗಾಗಿದ್ದವು, ಬಿಸಿ ಮಾಡುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ. ಕಾಶಿಬಾಯಿ ನಾಲ್ಕು ತುತ್ತು ಉಂಡ ಮೇಲೆ ಗುಳಿಗೆ ನುಂಗಿದರು. ಐದನೆಯ ತುತ್ತಿಗೆ ಬಾಯಿ ತೆರೆಯಿತು.

"ಕೋಟಿ ಹ್ಯಾಂಗದ?"

"ದೊಡ್ಡದದ ರಿ."

"ಹೋಗಲಾಕ ಏರು ಅದ?"

"ಕಡೀಕ ಸ್ವಲ್ಪ."

ಉಂಡ ತಾಟು ತೊಳೆದು ಬರುವಷ್ಟರಲ್ಲಿ ಕಾಶಿಬಾಯಿ ತಮ್ಮ ಪೆಟ್ಟಿಗೆಯಿಂದ ಹತ್ತಿಯ ನೂಲು ತೆಗೆದು, ಎಳೆ ಎಳೆ ಸೇರಿಸಿ, ತೊಡೆಯ ಮೇಲೆ ಹೊಸೆಯುತ್ತಿದ್ದರು. ಕಣ್ಣು ಬೇಕಿರಲಿಲ್ಲ, ಅಂಗೈಗೆ ಲೆಕ್ಕ ಗೊತ್ತಿತ್ತು. ದಾರ ಮಾಮೂಲಿಗಿಂತ ಉದ್ದವಾಯಿತು, ಅದಕ್ಕೆ ಕವಲೊಂದು ಬಂತು.

"ಬಾ ಇಲ್ಲಿ."

ರೂಪಾ ಎದುರು ಬಂದು ನಿಂತಳು.

"ನೆಟ್ಟಗ ನಿಂತ್ರ ನನಗೇನ ತಿಳೀತದ? ಸೈಕಲ್ ಮ್ಯಾಲ ಹ್ಯಾಂಗ ಬಾಗ್ತಿ ಹಂಗ ಬಾಗು."

ರೂಪಾ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದಳು.

"ಇಷ್ಟೇನಾ?"

"ಏರಿನಾಗ ಇನ್ನೂ ರಿ."

"ಮತ್ತ ಏರೇ ಹತ್ತು."

ಅವಳು ಇನ್ನಷ್ಟು ಬಾಗಿದಳು. ಕಾಶಿಬಾಯಿ ಕರಡಿಗೆಯ ಕಿವಿಗಳಲ್ಲಿ ದಾರ ಹಾಯಿಸಿ, ಒಂದು ಎಳೆಯನ್ನು ಕೊರಳ ಸುತ್ತ ತಂದರು, ಇನ್ನೊಂದನ್ನು ಕಂಕುಳ ಕೆಳಗಿನಿಂದ ಬೆನ್ನಿಗೆ ಹಾಯಿಸಿದರು. ಕರಡಿಗೆ ಎದೆಯ ನಡುವೆ ಬಂದು ನಿಂತಿತು. ತಣ್ಣನೆಯ ಬೆರಳೊಂದು ದಾರದ ಕೆಳಗೆ ತೂರಿ ಬಿಗಿ ನೋಡಿತು.

"ಉಸರು ತಗೋ. ತುಳಿಯೋವಾಗ ಹ್ಯಾಂಗ ತಗೋತಿ ಹಂಗ."

ರೂಪಾ ಎದೆ ತುಂಬ ಉಸಿರೆಳೆದಳು. ಕಾಶಿಬಾಯಿ ದಾರವನ್ನು ಇನ್ನೊಂದು ಬೆರಳಷ್ಟು ಸಡಿಲ ಬಿಟ್ಟು, ಬೆನ್ನ ಮೇಲೆ ಗಂಟು ಹಾಕಿದರು.